ಒಂದು ಖಾತೆಯಲ್ಲಿ ಎಷ್ಟು ಮಂದಿ?

(ಪದವಿ ಕಾಲೇಜೊಂದರ ವಿಜ್ಞಾನ ಸಂಘದಲ್ಲಿ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ನಮ್ಮಪ್ಪನದು ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಉದ್ರಿ ಪುಸ್ತಕ. ಮನೆಗೊಂದು ಪುಟ, ತಲೆಯಲ್ಲಿ ಒಂದು ಹೆಸರು, ಕೆಳಗೆ ತಾರೀಖು, ಸಾಮಾನು, ದುಡ್ಡು. ಹೈಸ್ಕೂಲಿನ ಬೇಸಿಗೆ ರಜೆಯಲ್ಲಿ ನಾನು ಅಂಗಡಿಯಲ್ಲಿ ಕೂರುತ್ತಿದ್ದೆ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನನಗೆ ಆ ಪುಸ್ತಕವೇ ಕಾದಂಬರಿ. ಒಂದು ದಿನ ಪತ್ತೇದಾರನ ಗತ್ತಿನಲ್ಲಿ ಹೇಳಿದೆ: "ಅಪ್ಪಾ, ಮೂಲೆಮನೆ ಮೇಷ್ಟ್ರು ಬೀಡಿ ಸೇದೋಕೆ ಶುರು ಮಾಡಿದಾರೆ. ಮೂರು ದಿನದಿಂದ ದಿನಾ ಒಂದು ಕಟ್ಟು ಬರೆದಿದೆ." ಅಕ್ಕಿ ತೂಗುತ್ತಿದ್ದ ಅಪ್ಪ ತಲೆ ಎತ್ತಲೂ ಇಲ್ಲ. "ಮೇಷ್ಟ್ರಲ್ಲ, ಅವರ ಮಾವ ಬಂದಿದಾರೆ ಊರಿಂದ" ಅಂದರು.

ಖಾತೆ ಮೇಷ್ಟ್ರದು, ಬೀಡಿ ಮಾವನದು. ಡಿಗ್ರಿ ಓದುವಾಗ ಒಂದು ಬೇಸಿಗೆಯಲ್ಲಿ ಎಂಟು ವಾರ ಬೆಂಗಳೂರಿನ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ ಕೂತು ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಇದೇ. ಉಳಿದ ಕಾಲು ಪಾಲು ಗಣಿತ.

ಈ ಬೇಸಿಗೆ ಸಂಶೋಧನೆಗೆ ದಾರಿ ಹೇಗೆ ಅಂತ ನಿಮ್ಮ ಮೇಡಂ ಮೊದಲೇ ಕೇಳಿದ್ದರು, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಮತ್ತೆರಡು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ನಡೆಸಿಕೊಂಡು ಬಂದಿದೆ. ಏನು ಮಾಡಬೇಕು ಅಂದುಕೊಂಡಿದ್ದೀರಿ ಅಂತ ನೀವು ಬರೆಯಬೇಕು, ಅಧ್ಯಾಪಕರೊಬ್ಬರ ಶಿಫಾರಸು ಬೇಕು. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನ ಇಂಥದೇ ಕಾರ್ಯಕ್ರಮಕ್ಕೆ ಆರ್‌ಇಯು ಅಂತ ಹೆಸರು. ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಅದೇ ಸಿಗುತ್ತದೆ, ಆದರೆ ಆ ದುಡ್ಡು ಅಲ್ಲಿನ ನಾಗರಿಕರಿಗೆ, ಅಲ್ಲಿ ಕಾಯಂ ನೆಲೆಸುವ ಹಕ್ಕಿದ್ದವರಿಗೆ ಮಾತ್ರ. ನಾನು ಅದಕ್ಕಾಗಿ ಒಂದು ವಾರ ಕೂತು ಅರ್ಜಿ ತಯಾರಿಸಿ, ಆಮೇಲೆ ಸಣ್ಣಕ್ಷರದ ಷರತ್ತು ಓದಿದವರ ಪೈಕಿ.

ನನಗೆ ಇದ್ದ ಆಸೆ ಇನ್‌ಸ್ಟಾಗ್ರಾಂ ಮೇಲೆ ಕೆಲಸ ಮಾಡುವುದು. ಗೈಡ್ ಮೇಡಂ ಒಂದೇ ಪ್ರಶ್ನೆ ಕೇಳಿದರು: "ಡೇಟಾ ಯಾರು ಕೊಡ್ತಾರೆ?" 2023ರಲ್ಲಿ ಟ್ವಿಟರ್ ಪುಕ್ಕಟೆ ಡೇಟಾ ತೆಗೆಯುವ ಬಾಗಿಲು ಮುಚ್ಚಿತ್ತು, ಅದೇ ವರ್ಷ ರೆಡ್ಡಿಟ್ ಕೂಡ ಬೆಲೆ ಕಟ್ಟಿತ್ತು. ಜನ ಆನ್‌ಲೈನಿನಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಅಂತ ಅಧ್ಯಯನ ಮಾಡುವವರ ದೊಡ್ಡ ಕಷ್ಟ ಗಣಿತದ್ದಲ್ಲ. ಜನರ ನಡೆಯ ದಾಖಲೆಯೆಲ್ಲ ಕಂಪನಿಗಳ ಬೀರುವಿನಲ್ಲಿದೆ. ಬೀಗ ಹಾಕದ ಬೀರು ಅಂದರೆ ವಿಕಿಪೀಡಿಯ. ಅಲ್ಲಿ ಪ್ರತಿ ಲೇಖನದ ಪ್ರತಿ ತಿದ್ದುಪಡಿಗೂ ದಾಖಲೆ ಇದೆ: ಯಾವ ಖಾತೆಯಿಂದ, ಯಾವ ಸೆಕೆಂಡಿಗೆ, ಎಷ್ಟು ಬೈಟ್. ಬರಹವನ್ನು ಬಿಟ್ಟು ಈ ವಿವರಗಳಷ್ಟೇ ಇರುವ ಕಡತಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇಂಗ್ಲಿಷಿನದನ್ನು ಬಿಚ್ಚಲು ದೊಡ್ಡ ಯಂತ್ರ ಬೇಕು. 2003ರಲ್ಲಿ ಶುರುವಾದ ಕನ್ನಡದ್ದು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಆರಾಮಾಗಿ ಕೂತಿತು. ಚಿಕ್ಕ ವಿಕಿಯಾಗಿರುವುದರಿಂದ ಸಿಕ್ಕ ಲಾಭ ಬಹುಶಃ ಇದೊಂದೇ.

ಮೇಡಂ ಕೊಟ್ಟ ಪ್ರಶ್ನೆ ಒಂದು ಸಾಲಿನದು. ತಿದ್ದುಪಡಿಗಳು ಒಂದೇ ಸಮ ಬರುವುದಿಲ್ಲ, ಗುಂಪುಗುಂಪಾಗಿ ಬರುತ್ತವೆ, ಯಾಕೆ? ಬಸ್ ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ಕಾದಮೇಲೆ ಒಂದೇ ನಂಬರಿನ ಮೂರು ಬಸ್ಸು ಒಂದರ ಹಿಂದೊಂದು ಬರುತ್ತವಲ್ಲ, ಹಾಗೆ.

ಮೊದಲ ವಾರ ನಾನು ಮಾದರಿಗೀದರಿ ಏನೂ ಕಟ್ಟಲಿಲ್ಲ. ತಿಂಗಳಿಗೆ ಎಷ್ಟು ತಿದ್ದುಪಡಿ ಅಂತ ಒಂದು ಗ್ರಾಫ್ ಎಳೆದೆ, ಅಷ್ಟೇ. 2013ರ ಆರಂಭದಲ್ಲಿ ಗೆರೆ ದಡಕ್ಕನೆ ಕೆಳಗೆ ಬಿದ್ದಿತ್ತು. ಎದೆ ಝಲ್ಲೆಂದಿತು. ದೊಡ್ಡ ಸಂಗತಿಯೇ ಕೈಗೆ ಬಿತ್ತಲ್ಲ! ಎರಡು ದಿನ ಕೂತು ಕಾರಣ ಹೆಣೆದೆ. ಸ್ಮಾರ್ಟ್‌ಫೋನ್ ಬಂತು, ಜನ ಫೇಸ್‌ಬುಕ್‌ಗೆ ಹೋದರು, ಫೋನಿನಲ್ಲಿ ಉದ್ದದ ಬರಹ ತಿದ್ದುವುದು ಕಷ್ಟ, ಹೀಗೆ. ಸ್ಲೈಡಿಗೆ "ಮಹಾ ವಲಸೆ" ಅಂತ ಶೀರ್ಷಿಕೆಯನ್ನೂ ಕೊಟ್ಟೆ.

ನಮ್ಮ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಧಾರವಾಡದ ಅಕ್ಕ ಒಬ್ಬರಿದ್ದರು. ಗ್ರಾಫ್ ನೋಡಿ, "ಇವ್ರು ಮಂದಿ ಹೌದೋ ಅಲ್ಲೋ, ಅದನ್ನ ಮೊದಲ ನೋಡು" ಅಂದರು. 2013ಕ್ಕೆ ಮುಂಚೆ ಅತಿ ಹೆಚ್ಚು ತಿದ್ದಿದ ಖಾತೆಗಳ ಪಟ್ಟಿ ತೆಗೆದೆ. ಮೇಲಿನ ಸಾಲುಗಳಲ್ಲಿ ಹೆಸರಿನ ಹೆಸರಿಗೂ ಬಾಲದಲ್ಲಿ "ಬಾಟ್" ಅಂತಿತ್ತು.

ಆಗಿದ್ದು ಏನೆಂದರೆ, ಆ ಕಾಲದಲ್ಲಿ ಒಂದು ವಿಷಯ ಬೇರೆ ಯಾವ್ಯಾವ ಭಾಷೆಯಲ್ಲಿದೆ ಅನ್ನುವ ಕೊಂಡಿಗಳನ್ನು ಆಯಾ ಭಾಷೆಯ ಪುಟದ ತಳದಲ್ಲೇ ಬರೆದಿಡಬೇಕಿತ್ತು. ಕೊರಿಯನ್ನಿನಲ್ಲಿ ಯಾರೋ ಮೈಸೂರಿನ ಬಗ್ಗೆ ಪುಟ ತೆರೆದರೆ ಕನ್ನಡದ ಪುಟಕ್ಕೊಂದು ಸಾಲು, ತಮಿಳಿನದಕ್ಕೊಂದು, ಫ್ರೆಂಚಿನದಕ್ಕೊಂದು ಸೇರಬೇಕು. ಈ ಕೂಲಿ ಕೆಲಸವನ್ನು ಹಗಲೂ ರಾತ್ರಿ ಮಾಡುತ್ತಿದ್ದದ್ದು ಬಾಟ್‌ಗಳು, ಅಂದರೆ ಪುಟ್ಟ ಪ್ರೋಗ್ರಾಂಗಳು. 2012ರ ಅಕ್ಟೋಬರಿನಲ್ಲಿ ಎಲ್ಲ ಭಾಷೆಯ ವಿಕಿಗಳಿಗೂ ಸೇರಿದ ಮಾಹಿತಿ ಕಣಜ, ವಿಕಿಡೇಟಾ, ಶುರುವಾಯಿತು. 2013ರ ಮಾರ್ಚ್ ಹೊತ್ತಿಗೆ ಎಲ್ಲ ಭಾಷೆಗಳ ಕೊಂಡಿಗಳೂ ಆ ಒಂದೇ ಜಾಗದಿಂದ ಬರುವ ಏರ್ಪಾಟಾಯಿತು. ಬಾಟ್‌ಗಳಿಗೆ ಕೆಲಸ ಹೋಯಿತು. ನನ್ನ ಮಹಾ ವಲಸೆ ಅಂದರೆ ಇಷ್ಟು. ಕನ್ನಡಿಗರು ಎಲ್ಲಿಗೂ ಹೋಗಿರಲಿಲ್ಲ, ಅಥವಾ ಮೊದಲಿಂದಲೂ ಅಷ್ಟು ಮಂದಿ ಇರಲೇ ಇಲ್ಲ.

ಸ್ಲೈಡ್ ಅಳಿಸಿದೆ. ಬಾಟ್ ಎಂದು ಘೋಷಿಸಿಕೊಂಡ ಖಾತೆಗಳನ್ನು ತೆಗೆಯುವುದು ಸುಲಭ. ಹೇಳಿಕೊಳ್ಳದವೂ ಇದ್ದವು, ಅವನ್ನು ಲಯದಿಂದ ಹಿಡಿಯಬೇಕು. ಆರು ಸೆಕೆಂಡಿಗೊಂದು, ಆರು ಸೆಕೆಂಡಿಗೊಂದು ಅಂತ ಗಡಿಯಾರದ ಹಾಗೆ ತಿದ್ದುವವರು ಮನುಷ್ಯರಲ್ಲ. ಮನುಷ್ಯರಿಗೆ ಕೆಮ್ಮು ಬರುತ್ತದೆ, ಬಾಗಿಲು ಬಡಿಯುತ್ತದೆ, ಹಾಲು ಉಕ್ಕುತ್ತದೆ.

ಆಮೇಲೆ ಉದ್ರಿ ಪುಸ್ತಕದ ಕಥೆ ಬಗೆಬಗೆಯಾಗಿ ಎದುರಾಯಿತು. ಖಾತೆ ತೆರೆಯದೆ ತಿದ್ದಿದವರು ಐಪಿ ವಿಳಾಸವಾಗಿ, ಅಂದರೆ ಅವರ ಅಂತರ್ಜಾಲ ಸಂಪರ್ಕದ ನಂಬರಾಗಿ, ದಾಖಲಾಗಿದ್ದರು. ಒಂದು ಕಾಲೇಜಿನ ಇಡೀ ಲ್ಯಾಬಿಗೆ ಒಂದೇ ವಿಳಾಸ ಇರಬಹುದು, ಒಬ್ಬನದೇ ಮೊಬೈಲಿಗೆ ಬೆಳಿಗ್ಗೆ ಒಂದು ಸಂಜೆ ಒಂದು ಇರಬಹುದು. ಇನ್ನು ಕೆಲವು ದಿನ ಹತ್ತಾರು ಹೊಸ ಖಾತೆಗಳು ಒಂದೇ ಗಂಟೆಯಲ್ಲಿ ಹುಟ್ಟಿ, ಸಂಜೆಗೆ ಎಲ್ಲವೂ ಸುಮ್ಮನಾಗಿರುತ್ತಿದ್ದವು. ಏನೋ ಅದ್ಭುತ ಸಾಮಾಜಿಕ ಸೋಂಕು ಅಂದುಕೊಂಡೆ. ನೋಡಿದರೆ ತರಗತಿ! ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಂಥ ಕಡೆ ವಿಕಿಪೀಡಿಯಕ್ಕೆ ಬರೆಯುವುದು ಕಲಿಕೆಯ ಭಾಗವೇ ಆಗಿತ್ತು, ಅಲ್ಲಲ್ಲಿ ಒಟ್ಟಿಗೆ ಕೂತು ವಿಕಿಪೀಡಿಯ ತಿದ್ದುವ ಸಂಪಾದನೋತ್ಸವಗಳೂ ನಡೆಯುತ್ತಿದ್ದವು. ಅವರು ಒಬ್ಬರನ್ನು ನೋಡಿ ಒಬ್ಬರು ಬಂದವರಲ್ಲ, ಅಟೆಂಡೆನ್ಸ್‌ಗೆ ಬಂದವರು. ಅವರು ಬರೆದ ಲೇಖನಗಳು ಉಳಿದಿವೆ, ಅದು ಒಳ್ಳೆಯದೇ. ನನ್ನ ಗ್ರಾಫಿಗೆ ಮಾತ್ರ ಕಂಟಕ.

ಎರಡು ಸಣ್ಣ ಎಡವಟ್ಟುಗಳನ್ನೂ ಹೇಳಿಬಿಡುತ್ತೇನೆ, ನಿಮಗೆ ತಲಾ ಮೂರು ದಿನ ಉಳಿಯುತ್ತದೆ. ಒಂದು: ಕನ್ನಡಿಗರು ಮಧ್ಯಾಹ್ನ ಮೂರು ಗಂಟೆಗೆ ಅತಿ ಹೆಚ್ಚು ತಿದ್ದುತ್ತಾರೆ ಅಂತ ನನ್ನ ಲೆಕ್ಕ ಹೇಳಿತು. ಆಫೀಸಿನಲ್ಲಿ ಕೂತು ಕದ್ದು ಬರೆಯುತ್ತಾರೆ ಅಂತ ಖುಷಿಪಟ್ಟೆ. ಆ ಕಡತದ ಗಡಿಯಾರ ಗ್ರೀನಿಚ್ ವೇಳೆಯದು. ಐದೂವರೆ ಗಂಟೆ ಕೂಡಿಸಿದರೆ ರಾತ್ರಿ ಎಂಟೂವರೆ. ಊಟಕ್ಕೆ ಮುಂಚಿನ ಹೊತ್ತು. ಎರಡು: ತಿದ್ದುಪಡಿಯ ಗಾತ್ರ ಬೈಟ್‌ಗಳಲ್ಲಿದೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. "ಕನ್ನಡ" ಅಂತ ಬರೆದರೆ ಹದಿನೈದು ಬೈಟ್, ಯಾಕೆಂದರೆ ನಡುವಿನ ಒತ್ತಕ್ಷರವೊಂದೇ ಮೂರು ಸಂಕೇತ ತಿನ್ನುತ್ತದೆ. ಇದು ಗೊತ್ತಿಲ್ಲದೆ "ನಾವು ಇಂಗ್ಲಿಷಿನವರಿಗಿಂತ ಉದ್ದುದ್ದ ಬರೆಯುತ್ತೇವೆ" ಅಂತ ಬರೆದಿಟ್ಟಿದ್ದೆ.

ಇಷ್ಟಾಗುವ ಹೊತ್ತಿಗೆ ಮೂರನೇ ವಾರ ಮುಗಿದಿತ್ತು. ಇನ್ನು ಮಾದರಿಗಳು.

ಮಾದರಿ ಅಂದರೆ ಏನು? ನನ್ನ ಪ್ರಕಾರ, ಸುಳ್ಳು ಮನುಷ್ಯರನ್ನು ತಯಾರಿಸುವ ಪಾಕವಿಧಾನ. ನಾಲ್ಕು ನಿಯಮ ಬರೆದು ಕಂಪ್ಯೂಟರಿಗೆ ಕೊಡುತ್ತೀರಿ, ಅದು ಆ ನಿಯಮದಂತೆ ನಡೆಯುವ ಸುಳ್ಳು ಬಳಕೆದಾರರನ್ನು ಹುಟ್ಟಿಸುತ್ತದೆ. ಸುಳ್ಳಿನ ದಾಖಲೆ ನಿಜದ ದಾಖಲೆಯನ್ನು ಹೋಲುತ್ತದೆಯೇ? ಹೋಲದಿದ್ದರೆ ನಿಮ್ಮ ನಿಯಮ ತಪ್ಪು. ಹೋಲಿದರೆ? ಆಗಲೂ ಸರಿ ಅಂತಲ್ಲ, ಇನ್ನೂ ಸಿಕ್ಕಿಬಿದ್ದಿಲ್ಲ ಅಂತ.

ಎಲ್ಲಕ್ಕಿಂತ ಸರಳ ಪಾಕ ಫ್ರೆಂಚ್ ಗಣಿತಜ್ಞ ಪಾಯ್ಸಾನ್‌ನದು. ಹೆಂಚಿನ ಮೇಲೆ ಬೀಳುವ ಮಳೆಹನಿಯ ಹಾಗೆ, ಹಿಂದಿನದು ಯಾವಾಗ ಬಿತ್ತು ಅನ್ನುವ ನೆನಪಿಲ್ಲದೆ ಮುಂದಿನದು ಬೀಳುತ್ತದೆ. 1909ರಲ್ಲಿ ಕೋಪನ್‌ಹೇಗನ್ನಿನ ಗಣಿತಜ್ಞ ಎರ್ಲಾಂಗ್ ಟೆಲಿಫೋನ್ ಕರೆಗಳನ್ನು ಹೀಗೇ ಲೆಕ್ಕ ಹಾಕಿದ. ಊರಿನ ಎಲ್ಲರ ಕರೆಗಳನ್ನೂ ಒಟ್ಟಿಗೆ ಹಾಕಿದಾಗ ಅದು ಚೆನ್ನಾಗಿಯೇ ಒಗ್ಗುತ್ತದೆ. ಒಬ್ಬನೇ ಮನುಷ್ಯನನ್ನು ಹಿಡಿದು ನೋಡಿದರೆ ಒಗ್ಗುವುದಿಲ್ಲ. ಅವನು ಎರಡು ನಿಮಿಷ, ಐದು ನಿಮಿಷ, ಮೂರು ನಿಮಿಷ ಬಿಟ್ಟು ಬಿಟ್ಟು ತಿದ್ದುತ್ತಾನೆ, ಆಮೇಲೆ ಹತ್ತೊಂಬತ್ತು ದಿನ ಪತ್ತೆಯಿಲ್ಲ. ಪಾಯ್ಸಾನ್‌ನ ಲೋಕದಲ್ಲಿ ಅಂಥ ಹತ್ತೊಂಬತ್ತು ದಿನ ಬರುವುದೇ ಇಲ್ಲ ಅನ್ನುವಷ್ಟು ಅಪರೂಪ.

ಇದಕ್ಕೆ 2005ರಲ್ಲಿ ಭೌತವಿಜ್ಞಾನಿ ಆಲ್ಬರ್ಟ್-ಲಾಸ್ಲೋ ಬರಬಾಶಿ ಒಂದು ಚಂದದ ಕಾರಣ ಕೊಟ್ಟರು. ನಮ್ಮ ತಲೆಯಲ್ಲಿ ಕೆಲಸಗಳ ಪಟ್ಟಿ ಇರುತ್ತದೆ, ನಾವು ಯಾವಾಗಲೂ ತುರ್ತಿನದನ್ನು ಮೊದಲು ಮಾಡುತ್ತೇವೆ. ಗ್ಯಾಸ್ ಸಿಲಿಂಡರ್ ಬುಕ್ ಮಾಡುವುದು ಆ ಕ್ಷಣಕ್ಕೆ ಆಗುತ್ತದೆ. ಅಟ್ಟ ಗುಡಿಸುವುದು? ಪ್ರತಿ ಭಾನುವಾರ ಅದಕ್ಕಿಂತ ಮುಖ್ಯವಾದ ಇನ್ನೊಂದು ಬರುತ್ತದೆ, ಅಟ್ಟ ವರ್ಷಗಟ್ಟಲೆ ಕಾಯುತ್ತದೆ. ಇಷ್ಟು ಸರಳ ನಿಯಮದಿಂದಲೇ ಬಹಳಷ್ಟು ಚಿಕ್ಕ ಅಂತರಗಳೂ ಕೆಲವು ಅತಿ ದೊಡ್ಡ ಅಂತರಗಳೂ ಹುಟ್ಟುತ್ತವೆ. ಅದೇ ವರ್ಷ ಅವರೂ ಜೊತೆಗಾರರೊಬ್ಬರೂ ಡಾರ್ವಿನ್ ಬರೆದ 7,591 ಪತ್ರಗಳನ್ನೂ ಐನ್‌ಸ್ಟೈನ್ ಪತ್ರಗಳನ್ನೂ ಹಿಡಿದು, ಉತ್ತರ ಬರೆಯಲು ಅವರಿಬ್ಬರು ತೆಗೆದುಕೊಂಡ ಕಾಲದಲ್ಲೂ ಇಂಥದೇ ಹಂಚಿಕೆಯನ್ನು ತೋರಿಸಿದರು. ಕೆಲವಕ್ಕೆ ಮರುದಿನ, ಕೆಲವಕ್ಕೆ ವರ್ಷ ಕಳೆದಮೇಲೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಡಾರ್ವಿನ್ನೂ ಅಟ್ಟ ಗುಡಿಸಿರಲಿಲ್ಲ!

ಬೆಳಿಗ್ಗೆ ಮೇಡಂ ಇನ್ನೊಂದು ಲೇಖನ ಕೈಗಿಟ್ಟರು. 2008ರಲ್ಲಿ ಮಾಲ್ಮ್‌ಗ್ರೆನ್ ಮತ್ತು ಸಂಗಡಿಗರು ಬರೆದದ್ದು. ತುರ್ತಿನ ಪಟ್ಟಿಗಿಟ್ಟಿ ಏನೂ ಬೇಡ ಅಂತ ಅವರ ವಾದ. ಮನುಷ್ಯ ರಾತ್ರಿ ಮಲಗುತ್ತಾನೆ, ವಾರದ ಕೊನೆಯಲ್ಲಿ ಕೆಲಸ ಬಿಡುತ್ತಾನೆ, ಕೂತಾಗ ಒಂದಷ್ಟು ಇಮೇಲುಗಳನ್ನು ಒಟ್ಟಿಗೆ ಕಳಿಸುತ್ತಾನೆ. ಮಳೆಹನಿಯ ಪಾಕಕ್ಕೆ ಈ ಹಗಲು-ರಾತ್ರಿಯನ್ನು ಬೆರೆಸಿದರೆ ಅದೇ ಆಕಾರ ಬರುತ್ತದೆ. ಮೊದಲ ಕಾರಣ ಸುಂದರ, ಎರಡನೆಯದು ಸಪ್ಪೆ. ಸಪ್ಪೆಯದರ ಕಡೆಗೇ ನಾನು ವಾಲಿದೆ. ಸುಂದರ ಕಾರಣಗಳಿಂದ ಅಷ್ಟರಲ್ಲಿ ಒಂದು ಸಲ ಕೈ ಸುಟ್ಟುಕೊಂಡಿದ್ದೆನಲ್ಲ.

ಈಗ ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಮಾತಿನಲ್ಲೇ ಹೇಳಬೇಕು. ಒಂದು ತಿದ್ದುಪಡಿಗೂ ಮುಂದಿನದಕ್ಕೂ ಇರುವ ಅಂತರಗಳನ್ನೆಲ್ಲ ಸೇರಿಸಿ, ಲಾಗ್ ಅಳತೆಯಲ್ಲಿ, ಅಂದರೆ ಒಂದು ನಿಮಿಷ, ಹತ್ತು ನಿಮಿಷ, ನೂರು ನಿಮಿಷ ಸಮದೂರದಲ್ಲಿ ಕೂರುವಂತೆ ಗ್ರಾಫ್ ಎಳೆಯಿರಿ. ಒಂಟೆಯ ಬೆನ್ನಿನ ಹಾಗೆ ಎರಡು ಡುಬ್ಬ ಕಾಣುತ್ತವೆ. ಒಂದು ಕೆಲವು ನಿಮಿಷಗಳ ಹತ್ತಿರ, ಇನ್ನೊಂದು ಒಂದು ದಿನದ ಹತ್ತಿರ. ಅವೆರಡರ ನಡುವಿನ ತಗ್ಗು ಸುಮಾರು ಒಂದು ಗಂಟೆಯ ಹತ್ತಿರ. ಗೈಗರ್ ಮತ್ತು ಹಾಫೇಕರ್ ಅನ್ನುವವರು 2013ರಲ್ಲೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದನ್ನು ತೋರಿಸಿ, ಒಂದು ಗಂಟೆಗಿಂತ ಕಡಿಮೆ ಅಂತರವಿದ್ದರೆ ಒಂದೇ ಕೂತ, ಹೆಚ್ಚಾದರೆ ಎದ್ದು ಹೋಗಿ ಮತ್ತೆ ಬಂದದ್ದು ಅಂತ ಲೆಕ್ಕ ಹಿಡಿದಿದ್ದರು. ನನ್ನ ಕನ್ನಡದ ಗ್ರಾಫಿನಲ್ಲೂ ಒಂಟೆ ಎದ್ದು ನಿಂತಾಗ ಪಟ್ಟ ಸಂತೋಷ ಹೇಳತೀರದು. ಹೊಸದೇನಲ್ಲ. ಆದರೂ ಯಾರೋ ಹೇಳಿದ ಬೆಟ್ಟವನ್ನು ಕಣ್ಣಾರೆ ಕಂಡ ಹಾಗೆ.

"ಒಂದೇ ಕೂತ" ಅಂದೆನಲ್ಲ, ಅದು ಅಕ್ಕನ ಮಾತು. "ಒಂದ ಕೂತಕ್ಕ ಎಷ್ಟು ತಿದ್ತಾರ?" ಅಂತ ಕೇಳುತ್ತಿದ್ದರು. ಸೆಶನ್ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಸಿಕ್ಕಿಲ್ಲ.

ಹೀಗೆ ನನ್ನ ಪಾಕ ತಯಾರಾಯಿತು: ಒಬ್ಬ ಬಳಕೆದಾರ ಯಾವ ಹೊತ್ತಿಗೆ ಕೂರುತ್ತಾನೆ, ಒಂದು ಕೂತದಲ್ಲಿ ಎಷ್ಟು ತಿದ್ದುತ್ತಾನೆ, ತಿದ್ದುಪಡಿಗಳ ನಡುವೆ ಎಷ್ಟು ಅಂತರ. ಪರೀಕ್ಷೆ ಮಾಡಲು ಮೇಡಂ ಹೇಳಿಕೊಟ್ಟ ಉಪಾಯ ಈಗಲೂ ನನಗೆ ಎಲ್ಲ ಸಂಖ್ಯಾಶಾಸ್ತ್ರದ ಪರೀಕ್ಷೆಗಳಿಗಿಂತ ಇಷ್ಟ. ಆರು ಹಾಳೆ ಪ್ರಿಂಟ್ ತೆಗೆ. ಒಂದೊಂದರಲ್ಲಿ ಒಬ್ಬನ ಒಂದು ತಿಂಗಳು, ಪ್ರತಿ ತಿದ್ದುಪಡಿಗೆ ಒಂದು ಕಡ್ಡಿಗೆರೆ. ಮೂರು ನಿಜದವರು, ಮೂರು ಸುಳ್ಳಿನವರು. ಯಾವುದು ಯಾವುದು ಅಂತ ಅವರು ಹೇಳಬೇಕು.

ಮೊದಲ ಸಲ ಒಂದೇ ನಿಮಿಷದಲ್ಲಿ ಮೂರೂ ಸುಳ್ಳು ಹಾಳೆಗಳನ್ನು ಎತ್ತಿ ಪಕ್ಕಕ್ಕಿಟ್ಟರು. "ಇವರಿಗೆ ಭಾನುವಾರ ಇಲ್ಲ." ವಾರದ ಲಯ ಸೇರಿಸಿಕೊಂಡು ಹೋದೆ. "ಇವರಿಗೆ ಜ್ವರ ಬಂದಿಲ್ಲ, ಮದುವೆಗೆ ಹೋಗಿಲ್ಲ. ಇಷ್ಟು ಶಿಸ್ತು ಎಲ್ಲಿಂದ?" ಹಾಗಾಗಿ ಉದ್ದನೆಯ ಬಿಡುವುಗಳಿಗೆ ಬೇರೆ ನಿಯಮ ಬರೆದೆ. ಮೂರನೇ ಸಲ ಅವರು ಒಂದು ನಿಜದ ಹಾಳೆಯನ್ನು ಸುಳ್ಳಿನ ರಾಶಿಗೆ ಹಾಕಿದರು. ಆ ದಿನ ಮೆಸ್ಸಿನಲ್ಲಿ ಎರಡು ಜಾಮೂನು ತಿಂದೆ.

ಆರನೇ ವಾರ ದುರಾಸೆ ಹುಟ್ಟಿತು. ಒಬ್ಬರ ತಿದ್ದುಪಡಿ ಇನ್ನೊಬ್ಬರನ್ನು ಕೆರಳಿಸುತ್ತದೆಯೇ? ಇದಕ್ಕೆ 1971ರಲ್ಲಿ ಸಂಖ್ಯಾಶಾಸ್ತ್ರಜ್ಞ ಅಲನ್ ಹಾಕ್ಸ್ ಕೊಟ್ಟ ಮಾದರಿ ಇದೆ. ಪ್ರತಿ ಘಟನೆಯೂ ತನ್ನ ಬೆನ್ನಿಗೆ ಬರುವ ಘಟನೆಗಳ ಸಾಧ್ಯತೆಯನ್ನು ಸ್ವಲ್ಪ ಹೊತ್ತು ಹೆಚ್ಚಿಸುತ್ತದೆ. ಭೂಕಂಪದ ಹಿಂದೆ ಬರುವ ಸಣ್ಣ ಕಂಪನಗಳನ್ನು ಭೂವಿಜ್ಞಾನಿಗಳು ಹೀಗೇ ಲೆಕ್ಕ ಹಾಕುತ್ತಾರೆ. ಇಲ್ಲಿ ಒಂದು ಮುಖ್ಯ ಸಂಖ್ಯೆ: ಒಂದು ಘಟನೆ ಸರಾಸರಿ ಎಷ್ಟು ಮರಿ ಹಾಕುತ್ತದೆ ಅನ್ನುವುದು. ಅದು ಒಂದಕ್ಕೆ ಹತ್ತಿರವಾದಷ್ಟೂ ಎಲ್ಲವೂ ಒಳಗಿನ ಕಿಡಿಯಿಂದಲೇ ಹೊತ್ತಿಕೊಂಡಂತೆ. ನನಗೆ ಬಂದ ಉತ್ತರ ಒಂದರ ಪಕ್ಕದಲ್ಲೇ ಇತ್ತು. ಕನ್ನಡ ವಿಕಿಪೀಡಿಯ ಅಂದರೆ ಒಬ್ಬರಿಗೊಬ್ಬರು ಹುರಿದುಂಬಿಸುವ ಸಮುದಾಯ ಅಂತ ವರದಿಯಲ್ಲಿ ಒಂದು ಪ್ಯಾರಾ ಬರೆದೂಬಿಟ್ಟೆ.

ಅಕ್ಕ ಓದಿ ನಕ್ಕರು. "ಹತ್ತು ಮಂದಿ ಸಂಜಿಗೆ ಎಂಟಕ್ಕ ಊಟಾ ಮಾಡ್ತಾರ ಅಂದ್ರ, ಒಬ್ರನ್ನ ನೋಡಿ ಒಬ್ರಿಗೆ ಹಸಿವಿ ಆತಂತ ಅನ್ಕೋತಿಯೇನು?" ಎಲ್ಲರೂ ಸಂಜೆ ತಿದ್ದುವುದರಿಂದ ತಿದ್ದುಪಡಿಗಳು ಹತ್ತಿರ ಹತ್ತಿರ ಬೀಳುತ್ತವೆ. ನಾನು ಹಗಲು-ರಾತ್ರಿಯನ್ನು ಈ ಹೊಸ ಮಾದರಿಯಲ್ಲಿ ಹಾಕಿರಲಿಲ್ಲ, ಆ ಗುಂಪನ್ನೆಲ್ಲ ಅದು ಕಿಡಿಯ ಲೆಕ್ಕಕ್ಕೆ ಬರೆದುಕೊಂಡಿತ್ತು. ಮೇಲಾಗಿ ಒಬ್ಬನೇ ಒಂದು ಒತ್ತಕ್ಷರ ತಿದ್ದಲು ಮೂರು ಸಲ ಸೇವ್ ಮಾಡಿದರೆ ಅದೂ "ಹುರಿದುಂಬಿಸುವುದು" ಅಂತಲೇ ಲೆಕ್ಕ. ಎರಡನ್ನೂ ಸರಿಪಡಿಸಿದ ಮೇಲೆ ಆ ಸಂಖ್ಯೆ ಚೆನ್ನಾಗಿಯೇ ಕುಸಿಯಿತು. ಪೂರ್ತಿ ಸೊನ್ನೆಯಾಗಲಿಲ್ಲ ಅನ್ನುವುದೇ ಸಮಾಧಾನ. ಉಳಿದ ಆ ಚೂರಿನಲ್ಲಿ ಏನಿದೆ ಅಂತ ನೋಡುವ ಹೊತ್ತಿಗೆ ಹಾಸ್ಟೆಲ್ ಖಾಲಿ ಮಾಡುವ ದಿನ ಬಂದಿತ್ತು.

ಇನ್ನೊಂದು ವಿಷಯ. ಇದನ್ನು ಹೇಳಲೋ ಬೇಡವೋ ಅಂತ ಇಲ್ಲಿಗೆ ಬರುವಾಗ ಬಸ್ಸಿನಲ್ಲೂ ಯೋಚಿಸುತ್ತಿದ್ದೆ.

ಒಂದು ಖಾತೆಯ ವರ್ಷಗಳ ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿ ನೋಡುತ್ತಿದ್ದೆ. ಅವರು ಎಷ್ಟು ಹೊತ್ತಿಗೆ ಮಲಗುತ್ತಾರೆ ಗೊತ್ತಾಯಿತು. ಒಂದು ಹಂತದಲ್ಲಿ ನಿದ್ದೆಯ ಹೊತ್ತು ತಿರುಗುಮುರುಗಾಯಿತು. ರಾತ್ರಿ ಪಾಳಿಯೋ, ಪರದೇಶವೋ. ಆಮೇಲೆ ಮೊದಲಿನಂತಾಯಿತು. ಬರಹದ ಒಂದಕ್ಷರವನ್ನೂ ಓದದೆ, ಬರೀ ಸಮಯ ನೋಡಿ, ಒಬ್ಬರ ಮನೆ ಕಿಟಕಿಯಲ್ಲಿ ಇಣುಕಿದಂತಾಯಿತು. ಉತ್ಸಾಹದಿಂದ ಮೇಡಂಗೆ ತೋರಿಸಿದೆ. ಅವರು ಲ್ಯಾಪ್‌ಟಾಪ್ ಮುಚ್ಚಿದರು. 2006ರಲ್ಲಿ ಎಒಎಲ್ ಅನ್ನುವ ಅಮೆರಿಕದ ಅಂತರ್ಜಾಲ ಕಂಪನಿ ಆರೂವರೆ ಲಕ್ಷ ಮಂದಿಯ ಸುಮಾರು ಎರಡು ಕೋಟಿ ಹುಡುಕಾಟಗಳನ್ನು, ಹೆಸರು ತೆಗೆದು ನಂಬರ್ ಹಾಕಿ, ಸಂಶೋಧಕರಿಗೆಂದು ಬಿಡುಗಡೆ ಮಾಡಿತ್ತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಂದು ನಂಬರಿನ ಹಿಂದಿದ್ದ ಅಜ್ಜಿಯ ಮನೆ ಬಾಗಿಲಿಗೇ ಹೋದರು. ಆ ಕಥೆ ಹೇಳಿ ಮೇಡಂ, ಇನ್ನು ಮುಂದೆ ಖಾತೆಯ ಹೆಸರು ಕಾಣದ ಹಾಗೆ ಮಾಡಿಕೊಂಡು ಕೆಲಸ ಮಾಡು ಅಂದರು. ಮಾಡಿದೆ. ಡೇಟಾ ಸಾರ್ವಜನಿಕವೇ ಆಗಿತ್ತು, ನಿಯಮದ ಪ್ರಕಾರ ನಾನು ತಪ್ಪು ಮಾಡಿರಲಿಲ್ಲ. ನಮ್ಮಪ್ಪನೂ ಮೇಷ್ಟ್ರ ಪುಟವನ್ನು ಬೇರೆ ಗಿರಾಕಿಗಳ ಮುಂದೆ ಯಾವತ್ತೂ ತೆರೆದಿಟ್ಟವರಲ್ಲ.

ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ಇದರಿಂದ ಪೇಪರ್ ಆಯಿತಾ? ಇಲ್ಲ. ಇಪ್ಪತ್ತು ಪುಟದ ವರದಿ, ಒಂದು ಪೋಸ್ಟರ್. ಎಂಟು ವಾರದಲ್ಲಿ ಪೇಪರ್ ಬರೆದೆ ಅನ್ನುವವರು ಸಿಕ್ಕರೆ, ಎಷ್ಟು ಕೆಲಸ ಅವರು ಹೋಗುವ ಮುಂಚೆಯೇ ಆಗಿತ್ತು ಅಂತ ಮೆಲ್ಲಗೆ ಕೇಳಿ.

ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ಪೈಥಾನ್ ಸಾಕು. ಅದಕ್ಕಿಂತ ಮುಖ್ಯವಾಗಿ, ಒಬ್ಬರು ಬಿಟ್ಟುಹೋದರು ಅಂತ ಹೇಗೆ ಗೊತ್ತಾಗುತ್ತದೆ ಅನ್ನುವ ಪ್ರಶ್ನೆಯ ಮೇಲೆ ಸ್ವಲ್ಪ ದಿನ ತಲೆ ಕೆಡಿಸಿಕೊಳ್ಳಿ. ಕೊನೆಯ ತಿದ್ದುಪಡಿ ಆಗಿ ಎರಡು ವರ್ಷವಾಯಿತು ಅಂದರೆ ಅವರು ಹೋದರು ಅಂತಲೋ, ಅಂತರ ಇನ್ನೂ ಮುಗಿದಿಲ್ಲ ಅಂತಲೋ? ಆಸ್ಪತ್ರೆಯ ರೋಗಿಗಳ ಬದುಕುಳಿಯುವ ಕಾಲವನ್ನು ಲೆಕ್ಕ ಹಾಕುವವರಿಗೆ ಇದೇ ಕಷ್ಟ, ಅವರು ಕಟ್ಟಿದ ಗಣಿತವನ್ನೇ ನಾನೂ ಎರವಲು ತಂದೆ. ಅದರಲ್ಲಿ ಪ್ರತಿ ಮನುಷ್ಯನ ಕೊನೆಯ ಅಂತರವನ್ನು "ಇಷ್ಟಾದರೂ ಇದೆ" ಅಂತ ಮಾತ್ರ ಬರೆದುಕೊಳ್ಳಬೇಕು, "ಇಷ್ಟೇ" ಅಂತ ಬರೆಯುವ ಹಾಗಿಲ್ಲ.

ಕೊನೆಯದಾಗಿ ನಿಮ್ಮ ಕನ್ನಡ ಅಧ್ಯಾಪಕರು ಕೇಳಿದ್ದು: ಅಷ್ಟು ದಿನ ನೋಡಿದಿರಲ್ಲ, ನೀವು ಒಂದು ಸಾಲಾದರೂ ತಿದ್ದಿದಿರಾ? ಸಭೆ ನಕ್ಕಿತು. ತಿದ್ದಿದೆ ಸರ್, ಒಂದೇ ಒಂದು ಸಲ. ಪ್ರಾಜೆಕ್ಟ್ ಮುಗಿಸಿ ಊರಿಗೆ ಬಂದ ರಾತ್ರಿ, ಅಂಗಡಿಯ ಕಂಪ್ಯೂಟರಿನಲ್ಲಿ, ನಮ್ಮ ತಾಲ್ಲೂಕಿನ ಪುಟದಲ್ಲಿ ಹೊಳೆಯ ಹೆಸರಿನ ಕಾಗುಣಿತ ತಪ್ಪಿತ್ತು, ಸರಿಮಾಡಿದೆ. ಆಮೇಲಿನ ತಿಂಗಳ ಕಡತ ಇಳಿಸಿ ಹುಡುಕಿದೆ. ನನ್ನ ಸಾಲು ಇತ್ತು, ಗ್ರೀನಿಚ್ ವೇಳೆಯಲ್ಲಿ, ಮೂರು ಬೈಟ್. ಅದಾದಮೇಲೆ ಇನ್ನೊಂದು ಸೇರಿಲ್ಲ. ಅಂತರ ಇನ್ನೂ ಓಡುತ್ತಲೇ ಇದೆ.